ಎರಡಾಗಿ ಕಂಡವನು

"ನಿಮ್ಮ ಕನ್ನಡಕ ನನ್ನ ಹೊಟ್ಟೆ ಮೇಲೆ ಹೊಡೀತು ಕಣ್ರೀ!"

ಗಾಜಿನ ಮೇಜಿನ ಮೇಲೆ ಕನ್ನಡಕ ಎಸೆದು ದರ್ಜಿ ಹೆಂಗಸು ಏದುಸಿರು ಬಿಟ್ಟಳು. ಕೆಲವು ವಾರಗಳಿಂದ ಅವಳಿಗೆ ಸೂಜಿ ಎರಡು, ದಾರ ಎರಡು... ಹೊಲಿದ ತೋಳೆಲ್ಲ ಸೊಟ್ಟ. ಹೊಸ ಕನ್ನಡಕ ಹಾಕಿದರೂ ಅದೇ ಗೋಳು!

ಕನ್ನಡಕದಂಗಡಿಯವನು ಅವಳನ್ನೇ ನೋಡಿದ. ನಿಂತಲ್ಲೇ ತೂರಾಡುತ್ತಿದ್ದಳು, ಮಾತು ತೊದಲುತ್ತಿತ್ತು.

"ಬೇಜಾರು ಮಾಡ್ಕೋಬೇಡಿ... ಸ್ವಲ್ಪ ಕುಡಿದಿದ್ದೀರಾ?"

ಅವಳ ಮುಖ ಕೆಂಡವಾಯಿತು. ಬೀದಿಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದನ್ನು ಇವನು ಮುಖಕ್ಕೇ ಹೇಳಿಬಿಟ್ಟ! ಕನ್ನಡಕ ಕೊಟ್ಟ ದಿನ ಎಷ್ಟು ಮೃದುವಾಗಿ ಮಾತಾಡಿದ್ದ. ಇವನನ್ನೇನಾ ನಾನು ನೆನೆದು ನೆನೆದು ನಕ್ಕಿದ್ದು?

ಹೊರಡುವ ರಭಸಕ್ಕೆ ಬಾಗಿಲಿಗೆ ಭುಜ ಬಡಿಯಿತು. ಅವಳು ತಿರುಗಿ ನೋಡಲಿಲ್ಲ.

ಮರುದಿನ ಅವನೇ ಹೊಲಿಗೆ ಅಂಗಡಿಗೆ ಬಂದ. ಅವಳು ಮೆಷಿನ್ ಮುಂದೆ ಕೂತಿದ್ದಳು, ಪಕ್ಕದಲ್ಲಿ ಅವಳ ಅಕ್ಕ ಗುಂಡಿ ಹಚ್ಚುತ್ತಿದ್ದಳು. ಅವನು ನೇರ ಅವಳ ಮುಂದೆ ನಿಂತ.

"ನಾಲಿಗೆ ಹರಿಬಿಟ್ಟೆ, ತಪ್ಪಾಯ್ತು. ಒಂದು ಕಣ್ಣು ಮುಚ್ಚಿ ನೋಡಿ."

"ಒಂದೇ ಕಾಣುತ್ತೆ..."

"ಇನ್ನೊಂದು ಮುಚ್ಚಿ."

"ಅಯ್ಯೋ, ಈಗ್ಲೂ ಒಂದೇ!"

"ಹಾಗಾದ್ರೆ ತಪ್ಪು ಗಾಜಿಂದಲ್ಲ, ಎರಡು ಕಣ್ಣು ಒಟ್ಟಿಗೆ ಹೊಂದಿ ನೋಡ್ತಿಲ್ಲ. ನಿನ್ನೆ ಇದನ್ನ ಕೇಳ್ಬೇಕಿತ್ತು ನಾನು. ನರದ ಡಾಕ್ಟರ್ ಹತ್ರ ಹೋಗೋಣ, ಇವತ್ತೇ."

"ಹೋಗೋಣವಾ?" ಅಕ್ಕ ಹುಬ್ಬೇರಿಸಿದಳು. ಆದರೆ ಅವನ ಮುಖ ನೋಡಿ ಅಂಗಡಿ ಬಾಗಿಲು ಎಳೆದಳು.

ಡಾಕ್ಟರ್ ತಮ್ಮ ಬೆರಳು ಮುಟ್ಟಲು ಹೇಳಿದರು. ಅವಳ ಬೆರಳು ಪ್ರತಿ ಸಲವೂ ಗುರಿ ದಾಟಿ ಹೋಯಿತು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರ್ ದನಿ ತಗ್ಗಿಸಿದರು.

"ಅಂಡಾಶಯದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಅಮ್ಮಾ. ಅದರ ವಿರುದ್ಧ ಎದ್ದ ನಿಮ್ಮ ಮೈಯ ರೋಗ ತಡೆಯೋ ಕಾವಲು ಪಡೆ, ಗುರುತು ತಪ್ಪಿ ಮೆದುಳನ್ನೂ ಹೊಡೀತಿದೆ. ಅದಕ್ಕೇ ಎರಡೆರಡು ಕಾಣೋದು, ತೂರಾಡೋದು, ಕೈ ಗುರಿ ತಪ್ಪೋದು. ಗಡ್ಡೆ ಬೇಗ ತೆಗೀಬೇಕು. ಆದ್ರೆ ಕೈ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ."

ಹೊಟ್ಟೆನೋವೂ ಇರಲಿಲ್ಲ... ಕ್ಯಾನ್ಸರಾ? ಸೂಜಿ ಹಿಡಿಯದ ಕೈ ಇಟ್ಟುಕೊಂಡು ಹೇಗೆ ಬದುಕಲಿ? ಅವಳು ಅಕ್ಕನ ತೋಳಿಗೆ ಮುಖ ಒತ್ತಿ ಅತ್ತಳು.

ಆಪರೇಷನ್ ಆಯಿತು, ಔಷಧಿ ಶುರುವಾಯಿತು. ನಡುಕ ಮಾತ್ರ ಹಟ ಹಿಡಿದು ಕೂತಿತ್ತು. ಅವನು ವಾರ್ಡಿಗೆ ಬಂದಾಗ ಅವಳು ಗೋಡೆ ಕಡೆ ತಿರುಗಿದಳು.

"ಕನಿಕರಕ್ಕೆ ಬರೋದಾದ್ರೆ ಬರಬೇಡಿ. ಈ ಕೈ ಇನ್ನು ಹೊಲಿಯುತ್ತೋ ಇಲ್ವೋ..."

"ಹೊಲಿಸೋಕೆ ಬಂದಿಲ್ಲ ಕಣ್ರೀ. ನೀವಂದ್ರೆ ಇಷ್ಟ, ಅದಕ್ಕೇ ಬಂದೆ!"

ಅವಳು ಮೆಲ್ಲಗೆ ತಿರುಗಿದಳು. ಕಣ್ಣು ತುಂಬಿತ್ತು.

"ಇನ್ನೂ ಇಬ್ಬರು ಕಾಣ್ತಿದ್ದೀರಿ... ನಿಜವಾದವರು ಯಾರು?"

"ಕೈ ಚಾಚಿ. ಹಿಡಿಯೋನೇ ನಾನು."

ಅವಳ ಕೈ ನಡುಗುತ್ತಾ ಅವನನ್ನು ದಾಟಿ ಎಲ್ಲೋ ಗಾಳಿಗೆ ಹೋಯಿತು. ಅವನೇ ಅಲ್ಲಿಗೆ ಬಾಗಿ ಹಿಡಿದುಕೊಂಡ.

"ಸಿಕ್ಕಿದ್ನಲ್ಲ?"

"ಹ್ಞೂಂ... ಬಿಡಬೇಡಿ."