ಜೇನುಮೇಣದ ಭರಣಿ

"ಅದನ್ನ ಮುಟ್ಟಬೇಡಿ!"

ಶರಾವತಿಯ ಕೂಗಿಗೆ ಹೊಸನಗರದ ಮಹಿಳಾ ಸಮಾಜದ ಸೋಪು ಮಾಡುವ ಕೋಣೆಯಲ್ಲಿ ಎಲ್ಲರೂ ಬೆಚ್ಚಿದರು. ಭರಣಿಗೆ ಕೈ ಹಾಕಿದ್ದ ನಾಗರಾಜಪ್ಪ ತಿರುಗಿ ನೋಡಿದ.

ಶರಾವತಿಗೆ ಅವನ ಗುರುತು ಸಿಕ್ಕಿತು. ಇವರಾ...! ಹೋದ ವರ್ಷ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ತಿಂದು, ಅವಳ ಕೈಮೇಲಿನ ಸುಟ್ಟ ಕಲೆಯನ್ನೇ ದಿಟ್ಟಿಸಿ ಹೋದವರು! ಆಮೇಲೆ ಹೂಂ ಇಲ್ಲ, ಉಹೂಂ ಇಲ್ಲ. ಈಗ ಸಾಗರದ ಕೈಗಾರಿಕಾ ಕಚೇರಿ ಕಳಿಸಿದ, ಸೋಪು ಮಾಡೋದು ಕಲಿಸುವ ಮೇಷ್ಟ್ರು!

"ಎಂಟು ತಿಂಗಳ ಹಳೇ ಕಾಸ್ಟಿಕ್ ಸೋಡಾ ನೀರು. ಚೆಲ್ಲಿಬಿಡಿ," ಎಂದ ಅವನು, ಅವಳ ಮುಖ ನೋಡದೆ.

"ಸೋಡಾದ ಹೊಸ ಡಬ್ಬ ಬರೋಕೆ ವಾರ ಬೇಕು. ಅಷ್ಟರಲ್ಲಿ ತೀರ್ಥಹಳ್ಳಿ ಹಾಸ್ಟೆಲ್ಲಿನ ಆರ್ಡರು ಬೇರೆಯವರ ಪಾಲು! ಪರೀಕ್ಷೆ ಮಾಡದೆ ಚೆಲ್ಲೋಕೆ ನಾನು ಬಿಡಲ್ಲ."

ಎಂಟು ತಿಂಗಳ ಹಿಂದೆ ಎಣ್ಣೆ ಸಿಗದೆ ಕೆಲಸ ನಿಂತಾಗ, ಗಾಳಿ ಹೋಗದಂತೆ ಮುಚ್ಚಳದ ಸುತ್ತ ಜೇನುಮೇಣ ಮೆತ್ತಿಟ್ಟವಳು ಅವಳೇ.

ನಾಗರಾಜಪ್ಪ ಮೇಣ ಬಿಡಿಸಿ, ಮೊಟ್ಟೆಯೊಂದನ್ನು ಮೆಲ್ಲನೆ ಒಳಗೆ ಬಿಟ್ಟ. ನೀರು ಗಟ್ಟಿಯಾಗಿದ್ದರೆ ಮೊಟ್ಟೆ ತೇಲಬೇಕು. ತೇಲಿತು!

"ಗೆದ್ವಿ ಕಣೇ!" ಸಮಾಜದ ಹಿರಿಯಳು ಹಾಲಮ್ಮ ಚಪ್ಪಾಳೆ ತಟ್ಟಿದಳು.

"ಸರಿ, ಸೋಪು ಹುಯ್ಯಿರಿ," ಎಂದ ಅವನು.

ಶರಾವತಿ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಸುಮ್ಮನಿರುವ ಜೀವವೇ ಅದು?

"ನಿಲ್ಲಿ. ಗಾಳಿ ತಗುಲಿ ಕೆಟ್ಟಿದ್ರೂ ಮೊಟ್ಟೆ ತೇಲುತ್ತೆ. ನಿಂಬೆರಸ ತನ್ನಿ. ಈ ನೀರು ಬಿದ್ದು ನೊರೆ ಎದ್ರೆ ಕೆಟ್ಟಿದೆ ಅಂತ. ಆಗ ನಾನೇ ಚೆಲ್ತೀನಿ."

"ನಿಂಗೆ ಹುಚ್ಚಾ?" ಹಾಲಮ್ಮ ಗದರಿದಳು.

"ಸಮಾಜದ ಹೆಸರಲ್ಲಿ ಕೆಟ್ಟ ಸೋಪು ಹೋಗಬಾರ್ದು ಅಕ್ಕ."

ಬಟ್ಟಲ ನಿಂಬೆರಸಕ್ಕೆ ಅವಳು ಮರದ ಕಡ್ಡಿಯಿಂದ ಹನಿ ಬಿಟ್ಟಳು. ಒಂದು... ಎರಡು... ಮೂರು...

ಒಂದೇ ಒಂದು ಗುಳ್ಳೆಯೂ ಏಳಲಿಲ್ಲ!

ಶರಾವತಿ ತಲೆ ಎತ್ತಿ ನಿಂತಳು. ತನ್ನ ಕೈ ಕಾಪಾಡಿದ್ದು ಕೆಟ್ಟಿರಲಿಲ್ಲ. ಹೆಮ್ಮೆಯಿಂದ ಅವಳ ಕಣ್ಣು ತುಂಬಿತು.

"ಬನ್ರೇ, ಎಣ್ಣೆ ಬಿಸಿ ಮಾಡೋಣ. ಇಲ್ಲಿ ಆಗ್ಲೇ ಬಿಸಿಯಾಗಿದೆ," ಎಂದು ಹಾಲಮ್ಮ ನಗುತ್ತ ಹೆಂಗಸರನ್ನು ಹೊರಡಿಸಿದಳು.

"ಈ ಕಲೆ ನೋಡಿ ತಾನೇ ಬೇಡ ಅಂದ್ಕೊಂಡಿದ್ದು?" ಶರಾವತಿ ಕೇಳಿಯೇಬಿಟ್ಟಳು.

"ನಾನಾ? ನೀವೇ 'ಈ ಕೆಲಸ ಬಿಟ್ಟು ಬರೋಳಲ್ಲ' ಅಂದ್ರಿ. ಮದುವೆ ಬೇಡ ಅಂತ ಮರ್ಯಾದೆಯಿಂದ ಹೇಳಿದ್ರಿ ಅಂದ್ಕೊಂಡೆ."

"ಕೆಲಸ ಬಿಡಲ್ಲ ಅಂದೆ. ನಿಮ್ಮನ್ನ ಬೇಡ ಅಂದ್ನಾ?"

ಅವನು ಮೆಲ್ಲಗೆ ಅಂಗಿಯ ತೋಳು ಮಡಚಿದ. ಮುಂಗೈ ಮೇಲೆ ಕಾಸ್ಟಿಕ್ ಸುಟ್ಟ ಅಂಥದ್ದೇ ಕಲೆ!

"ಕಚೇರೀಲಿ ಗುಮಾಸ್ತನಾಗಿದ್ದೆ. ನಿಮ್ಮನ್ನ ನೋಡಿ ಬಂದ್ಮೇಲೆ ಸೋಪಿನ ತರಬೇತಿಗೆ ಕೇಳಿ ಹಾಕಿಸ್ಕೊಂಡೆ. ಅಷ್ಟು ಹೆಮ್ಮೆಯಿಂದ ಹೇಳಿದ್ರಲ್ಲ, ಆ ಕೆಲಸ ಎಂಥದ್ದು ಅಂತ ತಿಳೀಬೇಕಿತ್ತು... ನಿಮ್ಮನ್ನ ಮರೆಯೋಕೂ ಆಗ್ಲಿಲ್ಲ."

ಅವಳು ಆ ಕಲೆಯನ್ನೇ ದಿಟ್ಟಿಸಿದಳು. ಒಂದು ವರ್ಷದ ಸಿಟ್ಟು ಎಲ್ಲಿ ಹೋಯಿತೋ!

"ನಿಮ್ಮ ಅಪ್ಪಯ್ಯನ ಹತ್ರ ಮತ್ತೆ ಬರ್ಲಾ? ಸೋಮವಾರ?"

"ಸೋಮವಾರ ಬೇಡ. ಸೋಪು ಕತ್ತರಿಸೋ ದಿನ."

"ಹಾಗಾದ್ರೆ ಮೊದ್ಲು ಇಲ್ಲಿಗೇ ಬರ್ತೀನಿ. ಕತ್ತರಿಸೋಕೆ ಇನ್ನೆರಡು ಕೈ ಬೇಡ್ವಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಬನ್ನಿ. ಮುಗಿಸಿ ಇಬ್ರೂ ಒಟ್ಟಿಗೇ ಮನೆಗೆ ಹೋಗೋಣ."