ದಿನ ಬಿಟ್ಟು ದಿನ

ಹಸು ಹಿಡಿದುಕೊಂಡು ಹೋಗಲು ಬಂದ ಸೇಜಿನ್‌ನ ತಲೆಯ ಮೇಲೆ ಮಿತ್ಸು ಒಂದು ಬಕೆಟ್ ಕಲಗಚ್ಚು ಸುರಿದಳು.

ಅವನು ಕಣ್ಣು ಮುಚ್ಚಿ ನಿಂತ. ಗೆಣಸಿನ ಸಿಪ್ಪೆಯೊಂದು ಕೂದಲಿನಿಂದ ಜಾರಿ ಮೂಗಿನ ತುದಿಯಲ್ಲಿ ಕೂತಿತು. ಅದನ್ನು ಎರಡು ಬೆರಳಲ್ಲಿ ತೆಗೆದು ನೋಡಿದ.

"ನನಗೆ ಹಸಿವಾಗಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನಗಬೇಡ. ಕಟುಕನ ಮುಖಕ್ಕೆ ನಗು ಒಪ್ಪಲ್ಲ."

"ನಾನು ಕಟುಕ ಅಲ್ಲ ಮಾರಾಯ್ತಿ, ದೋಣಿಯವನು. ಈ ಬೀದಿಯ ದನ ಎಲ್ಲಾ ಹೊಡ್ಕೊಂಡು ಬಾ ಅಂತ ಅಪ್ಪಣೆ ಆಗಿದೆ. ನಮ್ಮ ಮನೆ ಹಂದಿ, ಆಡು ನಿನ್ನೆನೇ ಹೋದವು. ನಮ್ಮಮ್ಮನೂ ನನ್ನ ಮೇಲೆ ನೀರು ಸುರಿದ್ಲು. ಅವಳದ್ದು ಬಿಸಿನೀರು."

ಯುದ್ಧದ ಹೊತ್ತು; ಅಪ್ಪಣೆ ಬಂದದ್ದು ತಮ್ಮದೇ ದೇಶದ ಸೈನ್ಯದಿಂದ. ಶಾಲೆಗೆ ಮೇಷ್ಟರೆಂದು ಬಂದು ಮಕ್ಕಳಿಗೆ ಹಾಡು ಕಲಿಸುತ್ತಿದ್ದವನು ಒಂದು ಬೆಳಿಗ್ಗೆ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ನಿಂತು, ಅಮೆರಿಕದವರು ಬರುತ್ತಾರೆ, ಹಾತೆರುಮಾ ದ್ವೀಪದಲ್ಲಿ ಯಾರೂ ಇರಕೂಡದು, ಎಲ್ಲರೂ ಎದುರಿನ ಇರಿಯೊಮೊತೆಗೆ ಹೋಗಬೇಕು, ಒಂದು ಕೋಳಿಯೂ ಶತ್ರುವಿಗೆ ಸಿಗಕೂಡದು ಎಂದಿದ್ದ. ಇರಿಯೊಮೊತೆಯ ಕಾಡು ಎಂಥದ್ದೆಂದು ಹಿರಿಯರಿಗೆ ಗೊತ್ತಿತ್ತು. ಬೇಡವೆಂದು ಬಾಯಿ ತೆರೆದವರಿಗೆ ಕತ್ತಿ ಕಾಣಿಸಿತು.

ಸೇಜಿನ್ ಗೂಟದಿಂದ ಹಗ್ಗ ಬಿಚ್ಚಿ ಮಿತ್ಸುವಿನ ಕೈಗೇ ಕೊಟ್ಟ. "ಮಾತಾಡಿಸ್ಕೋ. ನಾನು ನೋಡಲ್ಲ" ಎಂದು ಹವಳದ ಕಲ್ಲಿನ ಗೋಡೆಯ ಕಡೆ ತಿರುಗಿ ನಿಂತ.

ಹಸುವಿನ ಕುತ್ತಿಗೆ ತಬ್ಬಿಕೊಂಡು ಎಷ್ಟೋ ಹೊತ್ತಾದ ಮೇಲೆ ಅವಳು ತಲೆ ಎತ್ತಿದಳು. ಅವನ ಒದ್ದೆ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾನೆ ಎಂದುಕೊಂಡು ಮತ್ತೆ ಬಕೆಟ್ಟಿಗೆ ಕೈ ಹಾಕಿದಳು. ಆಮೇಲೆ ಅವನು ಮೂಗು ಒರೆಸಿಕೊಂಡದ್ದು ಕೇಳಿಸಿತು.

ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟಳು.

*

ದೋಣಿ ಹತ್ತುವಾಗ ಮಿತ್ಸುವಿನ ಅಜ್ಜಿ ಹೇಳಿದ್ದಳು: "ಆ ದಡದಲ್ಲಿ ನಾಲ್ಕು ದಿನ ಮಲಗಿದವನು ಚಳಿಜ್ವರ ಹೊತ್ಕೊಂಡೇ ಏಳೋದು. ನಮ್ಮ ಕಾಲದಲ್ಲಿ ಅಲ್ಲಿಗೆ ಹೆಣ್ಣು ಕೊಡ್ತಿರಲಿಲ್ಲ." ಮಿತ್ಸುವಿಗೆ ಇದ್ದದ್ದು ಆ ಅಜ್ಜಿಯೊಬ್ಬಳೇ.

ಕಾಡಿನ ಅಂಚಿನಲ್ಲಿ ತಾಳೆಗರಿಯ ಗುಡಿಸಲುಗಳು ಎದ್ದವು. ನೆಲ ಸದಾ ಒದ್ದೆ. ಎದುರಿಗೆ, ಸಮುದ್ರದ ಆಚೆ, ಬಿಟ್ಟು ಬಂದ ದ್ವೀಪ ಚಪ್ಪಟೆ ರೊಟ್ಟಿಯ ಹಾಗೆ ಕಾಣುತ್ತಿತ್ತು. ಅದನ್ನು ನೋಡುತ್ತ ಮುದುಕರು ಊಟ ಬಿಟ್ಟರು.

ಸಂಜೆ ತೊರೆಗೆ ನೀರಿಗೆ ಹೋಗುವುದು ಮಿತ್ಸುವಿನ ಕೆಲಸ. ಅದೇ ಹೊತ್ತಿಗೆ ಸೇಜಿನ್‌ಗೂ ನೀರು ಬೇಕಾಗುತ್ತಿತ್ತು.

"ನಿಮ್ಮ ಮನೇಲಿ ಇಬ್ಬರೇ ಇರೋದು. ಅಷ್ಟು ನೀರು ಯಾಕೆ?" ಎಂದಳು ಒಮ್ಮೆ.

"ನಮ್ಮಮ್ಮನೂ ಅದನ್ನೇ ಕೇಳ್ತಾಳೆ. ತಗೊಂಡು ಹೋಗಿದ್ದನ್ನ ಹಿತ್ತಲಲ್ಲಿ ಚೆಲ್ಲಿ ಮತ್ತೆ ಬರ್ತೀನಿ."

ಅವಳು ಕೊಡ ತುಂಬುವ ನೆಪದಲ್ಲಿ ಮುಖ ಕೆಳಗೆ ಮಾಡಿದಳು. ನೀರಿನಲ್ಲಿ ಅವನ ಮುಖವೂ ಇತ್ತು. ಅಲ್ಲಿಂದಲೇ ಅವಳನ್ನು ನೋಡುತ್ತಿತ್ತು.

"ಅಲ್ಲಾಡಬೇಡ. ಕೆನ್ನೆ ಮೇಲೆ ಸೊಳ್ಳೆ."

"ಹೊಡಿ ಮತ್ತೆ."

"ಹೊಡೆದ್ರೆ ಈ ಕೊಡ ನನ್ನ ತಲೆ ಮೇಲೆ ಬರತ್ತೆ."

ಹತ್ತಿರ ಬಂದು, ತುಟಿ ಮುಂದೆ ಮಾಡಿ, ಮೆಲ್ಲಗೆ ಊದಿದ. ಸೊಳ್ಳೆ ಹಾರಿಹೋಯಿತು. ಅವನ ಉಸಿರು ಅವಳ ಕೆನ್ನೆಯ ಮೇಲೆ ಉಳಿಯಿತು. ಗುಡಿಸಲು ತಲುಪುವವರೆಗೂ ಅಲ್ಲೇ ಇತ್ತು.

ಮಳೆಗಾಲ ಹಿಡಿದ ಮೇಲೆ ಚಳಿಜ್ವರ ಒಂದೊಂದೇ ಗುಡಿಸಲು ಹೊಕ್ಕಿತು. ಬಿಸಿಲಲ್ಲಿ ಕೂತವರು ಹಲ್ಲು ಕಟಕಟಿಸುತ್ತಿದ್ದರು. ಚಳಿ ಇಳಿಯುತ್ತಿದ್ದಂತೆ ಮೈ ಕಾದ ಹೆಂಚು. ನೆತ್ತಿಯ ಮೇಲೆ ನೀರು ಹೊಯ್ಯುವುದು ಬಿಟ್ಟರೆ ಮದ್ದಿರಲಿಲ್ಲ. ಅಜ್ಜಿ ನೀರು ಹೊಯ್ಯಲೂ ಬಿಡಲಿಲ್ಲ. "ನನ್ನ ಮೇಲೆ ಸುರಿದು ದಣಿಬೇಡ, ಆ ದೋಣಿ ಹುಡುಗನ ಮೇಲೆ ಸುರಿ" ಎಂದು ಮಿತ್ಸುವಿನ ಕಡೆ ಒಂದು ಕಣ್ಣು ಹೊಡೆದಳು. ಅವಳಾಡಿದ ಕೊನೆಯ ಮಾತು ಅದು.

ದಡದ ಮರಳಿನಲ್ಲಿ ಗುಂಡಿ ತೋಡಿದವನು ಸೇಜಿನ್. ಮಿತ್ಸು ಅಳುವಾಗ ಅವನು ಅವಳಿಗೂ ಸಮುದ್ರಕ್ಕೂ ನಡುವೆ ನಿಂತುಕೊಂಡ, ಗಾಳಿ ಬಡಿಯದ ಹಾಗೆ.

*

ಆ ಮಳೆಗಾಲದ ಹಿಂದೆಯೇ ಬಂದ ಬೇಸಿಗೆಯ ಕೊನೆಗೆ ಶಾಲೆಯ ಹೆಡ್‌ಮಾಸ್ಟರು ಸೈನ್ಯದ ಮುಖ್ಯ ಠಾಣೆಯಿದ್ದ ದ್ವೀಪಕ್ಕೆ ಹೋಗಿ ಮೇಲಿನವರ ಕಾಲು ಹಿಡಿದರು. ಊರಿಗೆ ಮರಳಲು ಅನುಮತಿ ಸಿಕ್ಕಿತು. ದೋಣಿಯಲ್ಲಿ ಜನ ಅತ್ತರು, ನಕ್ಕರು. ಚಳಿಯೂ ಅವರ ಜೊತೆ ದೋಣಿ ಹತ್ತಿತ್ತು.

ಊರಲ್ಲಿ ಸೊಂಟದೆತ್ತರ ಹುಲ್ಲು. ಒಂದು ಕೋಳಿ ಕೂಗಲಿಲ್ಲ, ಒಂದು ಹಸು ಅಂಬಾ ಅನ್ನಲಿಲ್ಲ. ಗೆಣಸಿನ ಹೊಲ ಹಾಳುಬಿದ್ದಿತ್ತು. ತಿನ್ನಲು ಉಳಿದದ್ದು ಬಂಡೆಗಳ ನಡುವೆ ಬೆಳೆಯುವ ಸೋತೆತ್ಸು ಗಿಡದ ದಿಂಡು. ಕುಟ್ಟಿ, ಹಲವು ನೀರಿನಲ್ಲಿ ತೊಳೆಯದಿದ್ದರೆ ಅದೂ ವಿಷ. ಬರಿಹೊಟ್ಟೆಯ ಮೇಲೆ ಜ್ವರ ಬಿದ್ದಾಗ ಮನೆಗೆ ಮನೆಯೇ ಮಲಗಿತು. ಯುದ್ಧ ಮುಗಿಯಿತೆಂಬ ಸುದ್ದಿ ಬಂದಾಗ ಎದ್ದು ಕೇಳಿಸಿಕೊಂಡವರು ಕಡಿಮೆ.

ಮಿತ್ಸುವಿಗೂ ಬಂತು, ಸೇಜಿನ್‌ಗೂ ಬಂತು. ಈ ಜ್ವರಕ್ಕೊಂದು ಲೆಕ್ಕವಿತ್ತು: ಇವತ್ತು ಬಂದರೆ ನಾಳೆ ಬಿಡುವು, ನಾಡಿದ್ದು ಮತ್ತೆ. ಬಿಡುವಿನ ದಿನ ಮನುಷ್ಯ ಎದ್ದು ಓಡಾಡಬಲ್ಲ, ದಿಂಡು ಕುಟ್ಟಬಲ್ಲ. ಅವಳ ಚಳಿಯ ದಿನ ಅವನಿಗೆ ಬಿಡುವು, ಅವನ ಚಳಿಯ ದಿನ ಅವಳಿಗೆ.

"ದೇವರು ಜಾಣ" ಎಂದ ಸೇಜಿನ್. "ಇಬ್ಬರನ್ನೂ ಒಟ್ಟಿಗೆ ಮಲಗಿಸಿದ್ರೆ ಊರವರು ಏನಂತಾರೆ ಅಂತ ಯೋಚಿಸಿದ್ದಾನೆ."

ಮಿತ್ಸು ನಡುಗುತ್ತಲೇ ಅವನ ತೊಡೆ ಚಿವುಟಿದಳು. ಚಿವುಟಲೂ ಶಕ್ತಿಯಿರಲಿಲ್ಲ.

ಅವಳ ದಿನ ಅವನು ಬರುತ್ತಿದ್ದ. ಚಳಿ ಏರಿದಾಗ ಇದ್ದಬದ್ದ ಚಾಪೆಗಳನ್ನೆಲ್ಲ ಅವಳ ಮೇಲೆ ಹೊದಿಸಿ, ಚಾಪೆಗಳ ಮೇಲೆ ತಾನು ಮಲಗಿ ಅದುಮಿ ಹಿಡಿಯುತ್ತಿದ್ದ. ಇಲ್ಲದಿದ್ದರೆ ನಡುಕಕ್ಕೆ ಮೈ ನೆಲ ಬಿಟ್ಟು ಏಳುತ್ತಿತ್ತು. ಅಷ್ಟು ಚಾಪೆಗಳ ಕೆಳಗಿನಿಂದಲೂ ಅವನ ಎದೆಬಡಿತ ಅವಳಿಗೆ ಕೇಳುತ್ತಿತ್ತು. ಆಮೇಲೆ ಕಾವು ಏರಿದಾಗ ಗಿಂಡಿಯಿಂದ ನೆತ್ತಿಗೆ ನೀರು, ಹನಿಹನಿಯಾಗಿ.

ಅವನ ದಿನ ಅವಳು ಹೋಗುತ್ತಿದ್ದಳು. ಅವನ ತಾಯಿ ಕಾಮಾದೊ ವಿಧವೆ, ಕಡ್ಡಿ ಮುರಿದ ಹಾಗೆ ಮಾತಾಡುವವಳು. ಮಗ ಕಲಗಚ್ಚಿನಲ್ಲಿ ಮಿಂದು ಬಂದ ದಿನವನ್ನು ಅವಳು ಮರೆತಿರಲಿಲ್ಲ.

"ಬಂದ್ಲು ನೋಡು. ಮದುವೆ ಇಲ್ಲ, ಮಾತುಕತೆ ಇಲ್ಲ, ಸೇವೆ ಮಾತ್ರ ಜೋರು."

"ನೀವು ದಿಂಡು ಕುಟ್ಟೋಕೆ ಹೋಗ್ತೀರಲ್ಲ ದೊಡ್ಡಮ್ಮ, ಆಗ ನೀರು ಹೊಯ್ಯೋರು ಯಾರು?"

"ನಿನಗೆ ನೀರು ಹೊಯ್ಯೋದು ಚೆನ್ನಾಗಿ ಬರತ್ತೆ. ಅದು ಊರಿಗೇ ಗೊತ್ತು" ಎಂದು ಕಾಮಾದೊ ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದಳು. ಅವಳಿಗೆ ಇನ್ನೂ ಜ್ವರ ಬಂದಿರಲಿಲ್ಲ. "ಸೊಳ್ಳೆಗೂ ನನ್ನ ಬಾಯಿಯ ಭಯ" ಎನ್ನುತ್ತಿದ್ದಳು.

ಹೀಗೆ ಅವರಿಬ್ಬರೂ ದಿನವೂ ಭೇಟಿಯಾದರು. ಒಬ್ಬರು ಕೂತಿದ್ದರೆ ಒಬ್ಬರು ಮಲಗಿರುತ್ತಿದ್ದರು. ಒಬ್ಬರ ಕಣ್ಣು ತಿಳಿಯಾಗಿದ್ದರೆ ಇನ್ನೊಬ್ಬರದು ಕೆಂಡ.

*

ಒಂದು ಬೆಳಿಗ್ಗೆ, ಅವನ ದಿನ, ಮಿತ್ಸು ಗಿಂಡಿ ಹಿಡಿದು ಹೋದಾಗ ಸೇಜಿನ್ ಹೊರಗೆ ಫುಕುಗಿ ಮರದ ಕೆಳಗೆ ನಿಂತಿದ್ದ. ತಲೆ ಬಾಚಿಕೊಂಡಿದ್ದ.

"ಬಂದಿಲ್ಲ" ಎಂದ.

"ಯಾರು?"

"ಚಳಿ. ಬರೋ ಹೊತ್ತು ದಾಟಿಹೋಯ್ತು. ಮುಟ್ಟಿ ನೋಡು."

ಮುಟ್ಟಿದಳು. ಹಣೆ ತಣ್ಣಗಿತ್ತು. ಕೈ ತೆಗೆಯುವುದನ್ನು ಮರೆತಳು. ಒಳಗಿನಿಂದ ಕಾಮಾದೊ ಕೂಗಿದಳು: "ಅಂಗಳದಲ್ಲಿ ನಿಂತು ಹಣೆ ಸವರಬೇಡಿ, ದಡಕ್ಕೆ ಹೋಗಿ ಏನಾದ್ರೂ ಆರಿಸ್ಕೊಂಡು ಬನ್ನಿ. ಚಿಪ್ಪೋ, ಪಾಚಿಯೋ. ನನಗೆ ದಿಂಡು ತಿಂದು ಸಾಕಾಗಿದೆ."

ದಕ್ಷಿಣದ ದಡದಲ್ಲಿ ನೀರು ಇಳಿದಿತ್ತು. ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ಚಿಪ್ಪು ಹುಡುಕಿದರು. ನಾಲ್ಕು ಹೆಜ್ಜೆಗೊಮ್ಮೆ ದಣಿದು ಬಂಡೆಯ ಮೇಲೆ ಕೂತರು. ಸೇಜಿನ್‌ನ ಕಾಲು ಬಿದಿರುಕಡ್ಡಿಯಂತೆ ಆಗಿತ್ತು. ಅವಳು ನೋಡುತ್ತಿದ್ದಾಳೆಂದು ಅದನ್ನು ಮರಳಿನಲ್ಲಿ ಹುಗಿದ.

"ಇಬ್ಬರೂ ಚೆನ್ನಾಗಿದ್ದಾಗ ಜನ ಏನು ಮಾಡ್ತಾರೆ?" ಎಂದಳು ಮಿತ್ಸು. "ನನಗೆ ಮರೆತೇಹೋಗಿದೆ."

"ಜಗಳ ಆಡ್ತಾರೆ."

"ಹಾಗಾದ್ರೆ ಆಡೋಣ. ನೀನು ಶುರು ಮಾಡು."

ಅವನು ಯೋಚಿಸಿದ. "ನೀನು ನೀರು ಹೊಯ್ಯುವಾಗ ಕಿವಿಯೊಳಗೆ ಹೊಯ್ತೀಯ."

"ನೀನು ಗೊರಕೆ ಹೊಡೀತೀಯ, ಜ್ವರದಲ್ಲೂ."

"ನಿನಗೆ ಸಿಟ್ಟು ಜಾಸ್ತಿ."

"ನಿಮ್ಮಮ್ಮನಿಗಿಂತಲಾ?"

"ಅದಕ್ಕೇ ಭಯ. ಒಂದೇ ಮನೇಲಿ ಇಬ್ಬರನ್ನ ಇಟ್ಕೊಂಡು ನಾನು ಬದುಕೋದು ಹೇಗೆ?"

ಮಾತು ಬಾಯಿ ಜಾರಿತ್ತು. ಅವನ ಕಿವಿ ಕೆಂಪಾಯಿತು. ಅವಳು ಚಿಪ್ಪಿನ ಬುಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟಳು, ಮತ್ತೆ ಮೊದಲಿನ ಕಡೆಗೇ ಇಟ್ಟಳು.

"ಒಂದೇ ಮನೇಲಿ ಅಂತ ಯಾರು ಹೇಳಿದ್ದು?"

"ನಾನು ಹೇಳ್ತಿದ್ದೀನಿ. ಈಗ. ರಾಗಿ ಬೆಳೆ ಬಂದ ಮೇಲೆ. ತಿನ್ನೋಕೆ ಏನಾದ್ರೂ ಇರೋ ಹೊತ್ತಿಗೆ. ಆಗತ್ತಾ?"

"ಕೇಳೋ ರೀತೀನಾ ಇದು? ಗೆಣಸು ಇದೆಯಾ ಅಂತ ಕೇಳಿದ ಹಾಗೆ."

"ಮಿತ್ಸು."

ಅವಳು ತಿರುಗಿದಳು. ಅವನ ಕಣ್ಣುಗಳ ಕೆಂಪು ಇಳಿದು ಬಿಳಿ ಹೊಳೆಯುತ್ತಿತ್ತು. ಅವಕ್ಕೆ ಅವಳು ಪೂರ್ತಿ ಕಾಣುತ್ತಿದ್ದಳು, ಜ್ವರದ ಮಂಜಿಲ್ಲದೆ. ಎಷ್ಟು ಸೊರಗಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು. ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ಆ ಕೈಯನ್ನು ಬಿಡಿಸಿ ಹಿಡಿದುಕೊಂಡ.

"ಆಗತ್ತೆ" ಎಂದಳು.

ನೀರು ಏರುವವರೆಗೂ ಅಲ್ಲೇ ಕೂತಿದ್ದರು. ಮನೆಗೆ ಬರುವಾಗ ಬುಟ್ಟಿಯ ತಳ ಮುಚ್ಚುವಷ್ಟೂ ಚಿಪ್ಪಿರಲಿಲ್ಲ. ಕಾಮಾದೊ ಬುಟ್ಟಿಯನ್ನೂ ಅವರ ಮುಖವನ್ನೂ ನೋಡಿದಳು. ಬಯ್ಯದೆ ದಿಂಡನ್ನೇ ಬೇಯಲು ಇಟ್ಟಳು.

*

ಮರುದಿನ ಅವಳ ದಿನ. ಚಳಿ ಹೊತ್ತಿಗೆ ಸರಿಯಾಗಿ ಬಂತು. ಸೇಜಿನ್ ಬರಲಿಲ್ಲ.

ಚಾಪೆಗಳನ್ನು ತಾನೇ ಎಳೆದುಕೊಂಡಳು. ನಡುಕಕ್ಕೆ ಅವು ಜಾರಿದವು. ಬಾಗಿಲ ಕಡೆ ನೋಡುತ್ತಲೇ ಇದ್ದಳು. ಕಾವು ಏರಿತು, ನಾಲಿಗೆ ಒಣಗಿತು, ಮೂಲೆಯ ಕೊಡ ಹರದಾರಿ ದೂರವಾಯಿತು. ನಿನ್ನೆ ಮಾತು ತೆಗೆದುಕೊಂಡ, ಇವತ್ತು ಮರೆತ, ಎಂದುಕೊಂಡಳು. ಗಂಡಸರೇ ಹೀಗೆ. ನಾಳೆ ಹೋಗಿ ನಿಜವಾದ ಜಗಳ ಆಡುತ್ತೇನೆ. ಬೈಗುಳಗಳನ್ನು ಜೋಡಿಸಿಕೊಳ್ಳುತ್ತಲೇ ಎಚ್ಚರ ತಪ್ಪಿದಳು.

ಬೆಳಿಗ್ಗೆ ಮೈ ಹಗುರಾಗಿತ್ತು. ಗೋಡೆ ಹಿಡಿದುಕೊಂಡು, ಬಾಯಿ ತುಂಬ ಬೈಗುಳ ಇಟ್ಟುಕೊಂಡು ಹೊರಟಳು.

ಫುಕುಗಿ ಮರದ ಕೆಳಗೆ ಕಾಮಾದೊ ಮಂಡಿ ಅಪ್ಪಿಕೊಂಡು ಕೂತಿದ್ದಳು. ಕೈಕಾಲುಗಳಿಗೆಲ್ಲ ಮರಳು ಮೆತ್ತಿತ್ತು, ಉಗುರುಗಳ ಒಳಗೂ. ಮಿತ್ಸು ಆ ಉಗುರುಗಳನ್ನು ನೋಡಿದಳು. ಊರಲ್ಲಿ ಆಗ ಎಲ್ಲರ ಉಗುರಿನಲ್ಲೂ ಮರಳು ಯಾಕೆ ಬರುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು.

"ಜ್ವರ ಬಿಟ್ಟಿರಲಿಲ್ಲ" ಎಂದಳು ಕಾಮಾದೊ. "ದಿನ ಬದಲಾಯಿಸಿತ್ತು. ನಿನ್ನ ದಿನಕ್ಕೆ ಬಂತು. ಮೊನ್ನೆ ತಪ್ಪಿದ್ದನ್ನೂ ಸೇರಿಸಿಕೊಂಡು ಬಂತು."

ಮಿತ್ಸು ನಿಂತೇ ಇದ್ದಳು.

"ಬೇಡ ಅಂದೆ. ನಡುಗ್ತಾ ಇದ್ದೀಯ, ಮಲ್ಕೋ ಅಂದೆ. ಇವತ್ತು ಅವಳ ದಿನ, ಅದುಮಿ ಹಿಡ್ಕೊಳ್ಳೋಕೆ ಅವಳಿಗೆ ಯಾರೂ ಇಲ್ಲ ಅಂದ. ಗಿಂಡಿ ತಗೊಂಡು ಹೊರಟ. ಬೀದಿ ತಿರುವಿನಲ್ಲಿ, ಗೋಡೆ ಹತ್ರ ಬಿದ್ದಿದ್ದ. ನಾನು ಎಳ್ಕೊಂಡು ಬಂದೆ. ಮೈಯೆಲ್ಲ ಬೆಂಕಿ. ನಾನೇ ಎಷ್ಟು ನೀರು ಹೊಯ್ದೆ ಗೊತ್ತಾ? ಹೊಯ್ದಷ್ಟೂ ಆವಿ. ಮಧ್ಯಾಹ್ನಕ್ಕೆ ನನ್ನ ಗುರುತು ಹೋಯ್ತು ಅವನಿಗೆ. ಹೊತ್ತು ಇಳಿಯೋ ಮುಂಚೆ..." ಕಾಮಾದೊ ನಿಲ್ಲಿಸಿದಳು. "ಅವನನ್ನ ದಡಕ್ಕೆ ಹೊರೋಕೆ ಪಕ್ಕದ ಮನೆಯವನೊಬ್ಬ ಎದ್ದು ಬಂದ. ನಿನಗೆ ಹೇಳಿ ಕಳಿಸೋಣ ಅಂದ್ರೆ, ನಿನಗೆ ಪ್ರಜ್ಞೆ ಇಲ್ಲ ಅಂದ್ರು."

ಮಿತ್ಸು ಬಾಯಿ ತೆರೆದಳು. ಅಲ್ಲಿದ್ದದ್ದು ಬರೀ ಬೈಗುಳ. ಅದನ್ನೇ ಆಡಿದಳು. "ಬರೋಕೆ ಯಾಕೆ ಹೊರಟ? ಬುದ್ಧಿ ಇಲ್ವಾ ಅವನಿಗೆ? ಮಲ್ಕೋಬೇಕಿತ್ತು. ನಾನೇನು ಸಾಯ್ತಿದ್ನಾ? ಮಲ್ಕೋಬೇಕಿತ್ತು ಅವನು!" ಹೊಡೆಯಲು ಏನೂ ಸಿಗದೆ ಮರಕ್ಕೆ ಕೈಯಿಂದ ಹೊಡೆದಳು, ಮತ್ತೆ ಹೊಡೆದಳು. ಕಾಮಾದೊ ತಡೆಯಲಿಲ್ಲ.

ಮಿತ್ಸುವಿನ ಕೈ ಸೋತಾಗ ಕಟಕಟ ಸದ್ದು ಕೇಳಿಸಿತು. ಕಾಮಾದೊಳ ಹಲ್ಲು. ತುಟಿ ನೀಲಿಯಾಗಿತ್ತು. ಮಂಡಿಗಳನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡರೂ ಅವು ಒಂದಕ್ಕೊಂದು ಬಡಿಯುತ್ತಿದ್ದವು.

"ಏನಿಲ್ಲ" ಎಂದಳು ಮುದುಕಿ. "ನಿನ್ನೆ ಒದ್ದೆ ಬಟ್ಟೇಲಿ ಇದ್ದೆ. ಅಷ್ಟೇ."

ಮಿತ್ಸು ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಚಾಪೆಗಳು ಅಲ್ಲೇ ಇದ್ದವು, ಇನ್ನೂ ಹಸಿಯಾಗಿ. ಎಲ್ಲವನ್ನೂ ಹೊದಿಸಿ, ಅವುಗಳ ಮೇಲೆ ತಾನು ಮಲಗಿ, ತೋಳು ಅಗಲಿಸಿ ಹಿಡಿದಳು. ಕೆಳಗಿನ ಮೈ ಗುಬ್ಬಿಯಷ್ಟೂ ಭಾರವಿರಲಿಲ್ಲ. ಆದರೆ ನಡುಕ ಇಬ್ಬರನ್ನೂ ಎತ್ತಿ ಹಾಕುತ್ತಿತ್ತು.

"ಹಲ್ಲು ಕಚ್ಚಿ ಹಿಡ್ಕೊಳ್ಳಿ, ಅತ್ತೆ. ಇನ್ನು ಸ್ವಲ್ಪ. ಇಳಿಯತ್ತೆ."

ಚಾಪೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು.

ಚಳಿ ಇಳಿದು ಕಾವು ಏರಿತು. ಮಿತ್ಸು ನೆತ್ತಿಗೆ ನೀರು ಹೊಯ್ದಳು. ಕಿವಿಗೆ ಹೋಗದ ಹಾಗೆ ಅಂಗೈ ಅಡ್ಡ ಹಿಡಿದಳು. ಹೊಯ್ಯುತ್ತ ಅತ್ತಳು. ಯಾವುದು ಯಾವ ನೀರೆಂದು ಕೇಳುವವರಿರಲಿಲ್ಲ.

ಸಂಜೆಗೆ ಬೆವರು ಬಿಟ್ಟಿತು. ಕಾಮಾದೊ ಕಣ್ಣು ತೆರೆದಳು.

"ನಿನ್ನ ಚಳಿ ಯಾವತ್ತು?"

"ನಾಳೆ."

"ನನ್ನದು ಇವತ್ತು ಆಯ್ತು. ನಾಳೆ ಎದ್ದಿರ್ತೀನಿ." ಮುದುಕಿ ಉಸಿರೆಳೆದುಕೊಂಡಳು. "ಆ ಮನೇಲಿ ಒಬ್ಬಳೇ ಬಿದ್ಕೋಬೇಡ. ಹೋಗಿ ನಿನ್ನ ಚಾಪೆ ತಗೊಂಡು ಬಾ."

ಮಿತ್ಸು ಹೋಗಿ ಚಾಪೆ ತಂದಳು. ಎಲ್ಲಿ ಹಾಸುವುದೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತಳು. ಸೇಜಿನ್ ಮಲಗುತ್ತಿದ್ದ ಕಡೆ ಇಬ್ಬರೂ ನೋಡಲಿಲ್ಲ. ಕಾಮಾದೊ ಗೋಡೆಯ ಕಡೆಗೆ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.