ಅವಳ ಗಾಜಿಗೆ ಅವನ ಉಸಿರು

ಮೊದಲ ದಿನವೇ ಅವನು ಊದಿದ ರಭಸಕ್ಕೆ ಗಾಜು ಕುಂಬಳಕಾಯಿಯಷ್ಟು ಉಬ್ಬಿ, ಸೋಪಿನ ಗುಳ್ಳೆಯಷ್ಟು ತೆಳುವಾಗಿ, ಟಪ್ಪೆಂದು ಒಡೆದುಹೋಯಿತು.

“ಜೋರಾಗಿ ಊದೋದೇ ಕೆಲಸ ಅಂದ್ಕೊಂಡಿದ್ದೆ,” ಎಂದ ಪೆಚ್ಚಾಗಿ.

ಅವಳಿಗೆ ಚೆನ್ನಾಗಿ ಬೈಯಬೇಕೆನಿಸಿತು. ಆದರೆ ಎಡಗೆನ್ನೆ ಊದಿ ಬನ್ನಿನಂತಾಗಿತ್ತು. ಬಾಯಿ ತೆರೆದರೆ ಬೈಗುಳಕ್ಕೆ ಮೊದಲು ಜೊಲ್ಲು ಬರುತ್ತಿತ್ತು. ಕಣ್ಣಲ್ಲೇ ಸುಟ್ಟಳು. ಅವನೋ, ಆ ಕಣ್ಣುಗಳನ್ನು ಬಹುಮಾನ ಸಿಕ್ಕವನಂತೆ ನೋಡುತ್ತ ನಿಂತುಬಿಟ್ಟ.

ಕುಲುಮೆಯ ಮುಂದೆ ನಿಂತು, ಉದ್ದನೆಯ ಉಕ್ಕಿನ ಕೊಳವೆಯ ತುದಿಯಲ್ಲಿ ಕರಗಿದ ಗಾಜಿಗೆ ಉಸಿರು ತುಂಬಿ ಹೂದಾನಿ ಮಾಡುವವಳು ಅವಳು. ಅಪ್ಪನಿಂದ ಬಂದ ವಿದ್ಯೆ. ಆ ಕೊಳವೆಗೆ ಬೇರೆಯವರ ತುಟಿ ತಾಗಲು ಬಿಟ್ಟವಳೇ ಅಲ್ಲ. ಆದರೆ ಮೇಲ್ದವಡೆಯ ಎಡಬದಿಯ ಹಲ್ಲುಗಳು ಹೋಗಿ, ಕೆನ್ನೆ ಒಳಕ್ಕೆ ಬಿದ್ದು, ಈಚೆಗೆ ಉಸಿರೇ ಸೋರತೊಡಗಿತ್ತು. ಕೃತಕ ಹಲ್ಲಿಗೆ ಬೇರಾಗುವ ಇಂಪ್ಲಾಂಟ್ ಕೂರಿಸೋಣವೆಂದರೆ ಅಲ್ಲಿ ಮೂಳೆಯೂ ಸವೆದು ಕಾಗದದಂತಾಗಿತ್ತು. ದಂತವೈದ್ಯೆ ಒಸಡು ಬಿಡಿಸಿ, ಮೂಗಿನ ಪಕ್ಕದ ಗಾಳಿಗೂಡಾದ ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಮೇಲೆತ್ತಿ, ಅದರಡಿಯಲ್ಲಿ ಮರಳಿನಂಥ ಮೂಳೆಯ ಕಣಗಳನ್ನು ತುಂಬಿ ಹೊಲಿದಿದ್ದಳು.

“ಇದು ನಿಮ್ಮದೇ ಮೂಳೆಯಾಗಿ ಬಲಿಯೋವರೆಗೂ ಊದೋ ಹಾಗಿಲ್ಲ. ಮೂಗು ಸೀಟಬೇಡಿ. ಸೀನು ಬಂದ್ರೆ ಬಾಯಿ ತೆರೆದೇ ಸೀನಿ. ಪೊರೆ ಹರಿದ್ರೆ ಮಾಡಿದ್ದೆಲ್ಲಾ ಮಣ್ಣುಪಾಲು.”

ಮೂಳೆ ಕೂಡಿಕೊಳ್ಳದಿದ್ದರೆ? ಊದಲಾರದವಳು ಈ ಕುಲುಮೆಯ ಮುಂದೆ ಯಾರು? ಅಷ್ಟರಲ್ಲಿ ಅಣ್ಣ ಇವನನ್ನು ಹಿಡಿದು ತಂದಿದ್ದ. ಪಕ್ಕದ ಬೀದಿಯ ಈಜುಕೊಳದ ಕೋಚ್. ರಿಪೇರಿಗೆಂದು ಕೊಳ ಮುಚ್ಚಿತ್ತು. ಎದೆ ಗಟ್ಟಿ, ಮನುಷ್ಯ ಮೃದು ಎಂಬುದು ಅಣ್ಣನ ಶಿಫಾರಸು.

ಮಾತಾಡಲಾಗದ ಆ ದಿನಗಳಲ್ಲಿ ಅವಳು ಬೆರಳಲ್ಲೇ ಪಾಠ ಮಾಡಿದಳು. ಬೆಂಚಿಗೆ ಒಮ್ಮೆ ತಟ್ಟಿದರೆ ಊದು. ಎರಡು ಸಲ ತಟ್ಟಿದರೆ ನಿಲ್ಲಿಸು. ಅವಳು ಕೂತು ಕೊಳವೆ ತಿರುಗಿಸುತ್ತಿದ್ದಳು, ಅವನು ಬಾಯಿಡುವ ತುದಿಯಲ್ಲಿ ಮಂಡಿಯೂರಿ ಅವಳ ಬೆರಳನ್ನೇ ಕಾಯುತ್ತಿದ್ದ. ಇವಳ ತೋರುಬೆರಳು ಅಲುಗಿತೋ, ಅವನ ಉಸಿರು ಹೊರಟಿತು. ನಡುವೆ ಕೆಂಪು ಗಾಜು ನಾಚಿದಂತೆ ಅರಳುತ್ತಿತ್ತು.

ಒಮ್ಮೆ ಸೀನು ಬಂತು. ವೈದ್ಯೆ ಹೇಳಿದಂತೆ ಬಾಯಗಲಿಸಿ ಸೀನಿದಳು. ಶೆಡ್ಡಿಗೆ ಶೆಡ್ಡೇ ನಡುಗಿತು. ನಾಚಿಕೆಯಿಂದ ಭೂಮಿಗಿಳಿದುಹೋಗುವುದೊಂದು ಬಾಕಿ. ಅವನು ಮುಖ ಗಂಭೀರ ಮಾಡಿಕೊಂಡು, ಇನ್ನೂ ದೊಡ್ಡದಾಗಿ, ಬರದ ಸೀನನ್ನು ಸೀನಿದ. ಹೊಲಿಗೆ ಎಳೆಯುತ್ತದೆಂದು ಕೆನ್ನೆ ಒತ್ತಿ ಹಿಡಿದುಕೊಂಡು ನಕ್ಕಳು.

ಬಾವು ಇಳಿಯಿತು, ಮಾತು ಮರಳಿತು. ತಟ್ಟುವುದನ್ನು ಮಾತ್ರ ಅವಳು ಬಿಡಲಿಲ್ಲ, ಅವನೂ ಯಾಕೆಂದು ಕೇಳಲಿಲ್ಲ.

ಅತ್ತಿಗೆಯ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಒಂದು ಮಧ್ಯಾಹ್ನ ಶೆಡ್ಡಿನ ಮುಂದಿನ ಅಂಗಡಿಯಲ್ಲಿ ಹೂದಾನಿಗಳನ್ನು ಒರೆಸುತ್ತ, “ಈಜುಕೊಳ ತೆರೆದು ಯಾವ ಕಾಲ ಆಯ್ತು ಗೊತ್ತೇನೇ?” ಎಂದಳು. “ಬೆಳಗ್ಗೆ ಅಲ್ಲಿ ಕಲಿಸಿ, ಇಲ್ಲಿಗೆ ಓಡಿ ಬರ್ತಾನೆ. ಪಾಪ, ಗಾಜಿನ ಮೇಲೆ ಎಷ್ಟು ಪ್ರೀತಿ ನೋಡು.”

ಅಂದಿನಿಂದ ಅವಳ ಮನಸ್ಸು ತಲೆಕೆಳಗಾಯಿತು. ಬೇಗ ಬಲಿ ಎಂದು ಬೇಡಿಕೊಂಡಿದ್ದ ಮೂಳೆಗೇ, ಸ್ವಲ್ಪ ನಿಧಾನ ಮಾಡು ಮಾರಾಯ ಎಂದು ಒಳಗೊಳಗೇ ಗೋಗರೆದಳು. ಉಸಿರು ಮರಳಿದರೆ ಅವನಿಗೆ ಇಲ್ಲೇನು ಕೆಲಸ?

ಮೂಳೆ ಅವಳ ಮಾತು ಕೇಳಲಿಲ್ಲ. ಸ್ಕ್ಯಾನ್‌ನ ಬಿಳುಪನ್ನು ತೋರಿಸಿ ವೈದ್ಯೆ, “ಎಲ್ಲಿ ನಿಮ್ಮದು, ಎಲ್ಲಿ ನಾವು ಹಾಕಿದ್ದು ಅಂತ ಗೆರೆ ಎಳೆಯೋಕಾಗಲ್ಲ,” ಎಂದು ಬೀಗಿದಳು. ಇವಳ ಕಣ್ಣು ತುಂಬಿತು. ಖುಷಿಗೆಂದುಕೊಂಡು ವೈದ್ಯೆ ಟಿಶ್ಯೂ ಕೊಟ್ಟಳು. ಅರ್ಧ ನಿಜವೂ ಆಗಿತ್ತು. ಇಂಪ್ಲಾಂಟ್‌ಗಳು ಕೂತವು, ಬೇರೂರಿದವು, ಮೇಲೆ ಹಲ್ಲುಗಳು ಬಂದವು. ಕೊನೆಗೊಂದು ಬೆಳಗ್ಗೆ ಅಪ್ಪಣೆಯೂ ಸಿಕ್ಕಿತು: ಇನ್ನು ಊದಬಹುದು.

ಅಂದು ಕೊಳವೆಯ ತುದಿಗೆ ಅವಳೇ ಗಾಜು ಸುತ್ತಿಕೊಂಡಳು, ಅವಳೇ ತಿರುಗಿಸಿದಳು, ಅವಳೇ ಊದಿದಳು. ಉಸಿರು ಒಂದು ಎಳೆಯೂ ಸೋರಲಿಲ್ಲ. ಹೆಗಲಗಲದ, ಜೇನುಬಣ್ಣದ ಹೂದಾನಿ, ಅಪ್ಪನೂ ಕೈಯಿಡಲು ಹಿಂಜರಿಯುತ್ತಿದ್ದ ಅಳತೆಯದು, ಅವಳ ಕೈಯಲ್ಲಿ ಗುಂಡಗೆ ತುಂಬಿ ನಿಂತಿತು. ತಣಿಸುವ ಗೂಡಿನೊಳಗಿಟ್ಟು ಬಾಗಿಲು ಮುಚ್ಚಿದಾಗ ಅವಳ ಮುಖ ಗೆದ್ದವಳದು.

ಅವನು ಮನಸಾರೆ ನಕ್ಕ. ಆಮೇಲೆ ಏಪ್ರನ್ನಿನ ಗಂಟು ಬಿಚ್ಚತೊಡಗಿದ. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ.

“ನೋಡಿದ್ರಲ್ಲ,” ಎಂದಳು. “ನನಗೆ ಇನ್ನು ಯಾರ ಸಹಾಯನೂ ಬೇಡ.”

“ನೋಡಿದೆ,” ಎಂದ ನೆಲ ನೋಡುತ್ತ.

“ನಿಮ್ಮ ಸಹಾಯ ಬೇಕಾಗಿದ್ದಾಗ ಇದನ್ನ ಹೇಳೋಕೆ ಮನಸ್ಸಾಗ್ಲಿಲ್ಲ. ನೀವು ಉಪಕಾರದ ಋಣಕ್ಕೆ ಹೇಳ್ತಿದೀನಿ ಅಂದ್ಕೊಂಡ್ಬಿಡ್ತೀರಿ ಅಂತ. ಈಗ ಹೇಳ್ತೀನಿ, ನಾಳೆನೂ ಬನ್ನಿ. ಕೆಲಸಕ್ಕಲ್ಲ.”

ಅವನು ತಲೆಯೆತ್ತಿದ. “ಮತ್ತೆ?”

“ನನಗೋಸ್ಕರ.”

ಅವನ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಇಡೀ ಮುಖ.

“ಇಷ್ಟು ದಿನ ಇನ್ನೇತಕ್ಕೆ ಬರ್ತಿದ್ದೆ ಅಂದ್ಕೊಂಡ್ರಿ?” ಎಂದ ಮೆಲ್ಲಗೆ. ಮರುಕ್ಷಣ ಅನುಮಾನಿಸುತ್ತ ಕೇಳಿದ, “ಹೊರಗೆ ಅಂಗಡೀಲಿ ನಿಮ್ಮಣ್ಣ, ಅತ್ತಿಗೆ ಕೂತಿದಾರೆ. ಅವರಿಗೆ ಏನಂತ ಹೇಳೋದು?”

“ಅದನ್ನ ನನಗೆ ಬಿಡಿ,” ಎಂದವಳೇ, ಬಿಸಿ ಆರದ ತನ್ನ ಕೈಯಲ್ಲಿ ಅವನ ಕೈ ಹಿಡಿದು, ಹಿಂಬಾಗಿಲಿನತ್ತ ತಿರುಗಿದವನನ್ನು ಎಳೆದುಕೊಂಡು, ಗಿರಾಕಿಗಳು ತುಂಬಿದ್ದ ಅಂಗಡಿಯ ನಟ್ಟನಡುವೆಯೇ ನಡೆದಳು.